ಸದ್ದಿಲ್ಲದ ಮೆಷಿನ್ನು, ಸಾಹೇಬರ ಬೋರ್ಡು

ಪೀಣ್ಯದ ಒಂದು ಕಾರ್ಖಾನೆಗೆ ಪದ್ಮರಾಜಯ್ಯ ಅಂತ ಹೊಸ ಮ್ಯಾನೇಜರ್ ಬಂದರು. ಬಂದವರೇ ಚೆಲುವಮ್ಮನ ಮೆಷಿನ್ ಮುಂದೆ ನಿಂತರು. ಉಪ್ಪುನೀರು ಹರಿಸಿ, ಕರೆಂಟು ಕೊಟ್ಟು, ಉಕ್ಕನ್ನು ಮುಟ್ಟದೆಯೇ ಕರಗಿಸಿ ಆಕಾರ ಕೊಡುವ ಮೆಷಿನ್ನು ಅದು.

"ಆ ಲೇತ್ ಮೆಷಿನ್ ನೋಡು, ಉಕ್ಕು ಕೊರೆಯುವಾಗ ಹೇಗೆ ಕಿರುಚುತ್ತೆ, ಚೂರು ಹೇಗೆ ಉದುರುತ್ತೆ! ಇಲ್ಲಿ ಸದ್ದಿಲ್ಲ, ಚೂರಿಲ್ಲ. ಅಂದಮೇಲೆ ಕೆಲಸವೂ ಇಲ್ಲ. ಸಂಜೆಯೊಳಗೆ ಒಂದು ಬುಟ್ಟಿ ಚೂರು ತೋರಿಸು. ಇಲ್ಲದಿದ್ರೆ ನಾಳೆಯಿಂದ ಪ್ಯಾಕಿಂಗಿಗೆ ಹೋಗು."

ಹನ್ನೆರಡು ವರ್ಷದಿಂದ ಆ ಮೆಷಿನ್ ನಡೆಸುತ್ತಿದ್ದವಳು ಚೆಲುವಮ್ಮ. "ನಿಮ್ಮ ಬಾಗಿಲಿನ ಬೋರ್ಡು ಕೊಡಿ ಸಾರ್. ಅದರ ಮೇಲೇ ಕೆಲಸ ತೋರಿಸ್ತೀನಿ" ಅಂದಳು.

"ಕೆಲಸವೇ ಮಾಡದ ಮೆಷಿನ್ನು ನನ್ನ ಬೋರ್ಡಿಗೆ ಏನು ಮಾಡೀತು?" ಎಂದು ನಕ್ಕು, ಅವರೇ ಬಿಚ್ಚಿ ತಂದುಕೊಟ್ಟರು. ಉಕ್ಕಿನ ಬೋರ್ಡು. ಉಬ್ಬಿದ ಅಕ್ಷರದಲ್ಲಿ ಹೆಸರು, ಕೆಳಗೆ ಮೂರು ಡಿಗ್ರಿ.

ಚೆಲುವಮ್ಮ ಅದನ್ನು ಮೆಷಿನ್ನೊಳಗೆ ಕೂರಿಸಿ ಉಪ್ಪುನೀರು, ಕರೆಂಟು ಬಿಟ್ಟಳು. ಅರ್ಧ ಗಂಟೆ ಇಬ್ಬರೂ ಅಲ್ಲೇ ನಿಂತರು. ಆಮೇಲೆ ಚೆಲುವಮ್ಮ ಬೋರ್ಡು ತೆಗೆದು ಒರೆಸಿ ಕೊಟ್ಟಳು. ಕನ್ನಡಿಯ ಹಾಗೆ ನುಣ್ಣಗಿತ್ತು. ಒಂದಕ್ಷರವೂ ಇರಲಿಲ್ಲ.

"ಎಲ್ಲಮ್ಮಾ ನನ್ನ ಹೆಸರು?"

"ಸದ್ದು ಕೇಳಿಸ್ತಾ ಸಾರ್?"

"ಇಲ್ಲ!"

"ಚೂರು ಬಿತ್ತಾ?"

"ಇಲ್ಲ!"

"ಅಂದಮೇಲೆ ಕೆಲಸವೇ ಆಗಿಲ್ಲ. ನಿಮ್ಮ ಹೆಸರು ಅಲ್ಲೇ ಇದೆ. ಹೋಗಿ ಬಾಗಿಲಿಗೆ ಹಾಕ್ಕೊಳ್ಳಿ."