ಆಚೆ ದಡದ ಗಾಯ

ಶಿಂಷಾ ಹೊಳೆಯ ದಡದಲ್ಲಿ ಒಂದು ಚಿಕ್ಕ ಆಶ್ರಮವಿತ್ತು. ಹೆಂಚಿನ ಪ್ರಾರ್ಥನಾಮಂದಿರ, ಅದರ ಪಕ್ಕದಲ್ಲಿ ನಾಲ್ಕು ಕೋಣೆ. ಗುರು ಇನ್ನಾಸಪ್ಪನವರಿಗೆ ಎಪ್ಪತ್ತೆರಡು ವರ್ಷ.

ಶಿಷ್ಯ ರಾಯಪ್ಪ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷ ಕಾಂಪೌಂಡರ್ ಆಗಿದ್ದವನು. ಯೇಸುಸ್ವಾಮಿಯ ದಾರಿಯಲ್ಲಿ ನಡೆಯಬೇಕೆಂದು ಕೆಲಸ ಬಿಟ್ಟು ಬಂದಿದ್ದ.

ಒಂದು ದಿನ ಗುರು ಅವನನ್ನು ಕರೆದರು.

"ಆಚೆ ದಡದಲ್ಲಿ ಬೆಟ್ಟಯ್ಯ ಅಂತ ಒಬ್ಬ ಕಲ್ಲುಕುಟಿಗ ಇದ್ದಾನೆ. ಸಕ್ಕರೆ ಕಾಯಿಲೆ, ಕಾಲಲ್ಲಿ ಗಾಯ. ದಿನಾ ಹೋಗಿ ತೊಳೆದು ಪಟ್ಟಿ ಕಟ್ಟಿ ಬಾ."

"ಅವನಿಗೆ ದೇವರ ವಿಷಯ ಹೇಳಲೇ?"

"ಕೇಳಿದರೆ ಹೇಳು. ಕೇಳದಿದ್ದರೆ ಪಟ್ಟಿ ಕಟ್ಟು."

ಬೆಟ್ಟಯ್ಯ ಕೇಳಲಿಲ್ಲ. ಮೊದಲ ದಿನವೇ ಬಾಗಿಲಲ್ಲಿ ತಡೆದ.

"ಯಾರು ಕಳಿಸಿದ್ದು ನಿನ್ನ? ಆ ಶಿಲುಬೆ ಮನೆಯವರಾ? ನಮ್ಮ ದೇವರು ನಮಗಿದ್ದಾನೆ. ನಿಮ್ಮದನ್ನ ನನ್ನ ಹೊಸಿಲು ದಾಟಿಸಬೇಡ."

"ನಾನು ತಂದಿರೋದು ಹತ್ತಿ, ಔಷಧಿ ಅಷ್ಟೇ, ಬೆಟ್ಟಣ್ಣ."

ಬೆಟ್ಟಯ್ಯ ಮುಖ ತಿರುಗಿಸಿದ. ಅವನ ತಂಗಿ ಕೆಂಪಮ್ಮ, ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲೇ ಇದ್ದವಳು, ಬಿಸಿನೀರಿನ ಪಾತ್ರೆ ತಂದಿಟ್ಟಳು.

ಅಂದಿನಿಂದ ರಾಯಪ್ಪ ದಿನಾ ಬೆಳಿಗ್ಗೆ ತೆಪ್ಪದಲ್ಲಿ ಹೊಳೆ ದಾಟುತ್ತಿದ್ದ. ಬೆಟ್ಟಯ್ಯ ದಿನಾ ಬೈಯುತ್ತಿದ್ದ. ಕೈ ಒರಟು ಅಂತ, ಹೊತ್ತು ಮೀರಿ ಬಂದೆ ಅಂತ, ಯಾಕಾದರೂ ಬಂದೆ ಅಂತ. ಒಂದು ದಿನ ನೀರಿನ ಪಾತ್ರೆಯನ್ನೇ ಒದ್ದ.

ರಾಯಪ್ಪ ವಾಪಸು ಬರುವಾಗ ಹೊಳೆಯ ನಡುವೆ ಹುಟ್ಟು ನಿಲ್ಲಿಸಿ ಪ್ರಾರ್ಥಿಸುತ್ತಿದ್ದ. ಒಂದೇ ಪ್ರಾರ್ಥನೆ. ಆ ಗಾಯ ಮಾಯಲಿ.

ಎರಡು ತಿಂಗಳಾಯಿತು. ಗಾಯ ಮಾಯಲಿಲ್ಲ. ಹೆಬ್ಬೆರಳು ಕಪ್ಪಾಯಿತು. ಆಮೇಲೆ ಪಾದ.

ರಾಯಪ್ಪನೇ ಅವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಇಪ್ಪತ್ತು ದಿನದ ನಂತರ ಬೆಟ್ಟಯ್ಯ ಮನೆಗೆ ಬಂದ. ರಾಯಪ್ಪ ಆಚೆ ದಡಕ್ಕೆ ಹೋಗಲಿಲ್ಲ. ತನ್ನ ಕೋಣೆಯಲ್ಲಿ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದ.

ಗುರು ಬಂದು ಬಾಗಿಲಲ್ಲಿ ನಿಂತರು.

"ಎಲ್ಲಿಗೆ?"

"ಊರಿಗೆ, ಗುರುಗಳೇ. ನಾನು ಈ ದಾರಿಗೆ ತಕ್ಕವನಲ್ಲ. ಎರಡು ತಿಂಗಳು ಬೇಡಿಕೊಂಡೆ. ನನಗಾಗಿ ಏನೂ ಕೇಳಲಿಲ್ಲ. ಒಬ್ಬ ಬಡವನ ಕಾಲು ಕೇಳಿದೆ. ದೇವರು ಕೊಡಲಿಲ್ಲ."

ಗುರು ಒಳಗೆ ಬಂದರು. ಮೂಲೆಯಲ್ಲಿದ್ದ ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ರಾಯಪ್ಪ ಕಿಟಕಿಯಿಂದ ನೋಡಿದ. ಮುದುಕರು ಮೆಟ್ಟಿಲಿಳಿದು ಹೊಳೆಗೆ ಹೋದರು. ತೆಪ್ಪ ಹತ್ತಲು ಎರಡು ಸಲ ಜಾರಿದರು. ಮೂರನೆಯ ಸಲ ಹತ್ತಿದರು. ತೆಪ್ಪ ಒಂದೇ ಕಡೆ ಗರಗರ ತಿರುಗಿತು. ಅವರಿಗೆ ಹುಟ್ಟು ಹಾಕಿ ಅಭ್ಯಾಸವಿರಲಿಲ್ಲ.

ಅವರು ಮರಳಿದಾಗ ಮಧ್ಯಾಹ್ನ ಕಳೆದಿತ್ತು. ಸೊಂಟದವರೆಗೆ ಒದ್ದೆಯಾಗಿದ್ದರು. ರಾಯಪ್ಪ ದಡಕ್ಕೆ ಓಡಿ ಕೈಹಿಡಿದು ಇಳಿಸಿಕೊಂಡ.

"ನೀವು ಯಾಕೆ ಹೋದಿರಿ?"

"ಪಟ್ಟಿ ಬದಲಾಯಿಸುವ ದಿನವಾಗಿತ್ತು."

"ಅವನು ಏನಂದ?"

"ನನ್ನ ಕೈ ನಡುಗುತ್ತೆ. ಸರಿಯಾಗಿ ಕಟ್ಟೋಕೆ ಆಗಲಿಲ್ಲ. ಬೈದ." ಗುರು ಕಲ್ಲಿನ ಮೇಲೆ ಕೂತು ಪಂಚೆಯ ಅಂಚು ಹಿಂಡಿದರು. "ಎರಡು ದಿನದಿಂದ ಊಟ ಬಿಟ್ಟಿದ್ದಾನೆ. ಸಾಯಬೇಕು ಅಂತಾನೆ."

ರಾಯಪ್ಪ ತಲೆ ತಗ್ಗಿಸಿದ.

"ಒಂದು ಕೇಳ್ತೀನಿ," ಗುರು ಅಂದರು. "ಹಿಡಿಯುವವರು ಬರುವ ಮೊದಲು ಯೇಸುಸ್ವಾಮಿ ತೋಟದಲ್ಲಿ, ಈ ಸಾವು ತಪ್ಪಲಿ ಅಂತ ಬೇಡಿಕೊಂಡರಲ್ಲ. ಸಿಕ್ಕಿತೇ?"

"ಇಲ್ಲ."

"ಆಮೇಲೆ ಏನು ಮಾಡಿದರು?"

"ಎದ್ದರು."

"ಎದ್ದು ಯಾವ ಕಡೆಗೆ ಹೋದರು?"

"ಹಿಡಿಯಲು ಬಂದವರ ಕಡೆಗೆ," ಅಂದ ರಾಯಪ್ಪ. ಗುರುಗಳ ಹೆಗಲಿನಿಂದ ಚೀಲ ಬಿಡಿಸಿಕೊಂಡ. ತೆಪ್ಪ ನೀರಿಗೆ ತಳ್ಳಿದ.

ಬೆಟ್ಟಯ್ಯ ಗೋಡೆಗೆ ಮುಖ ಮಾಡಿ ಮಲಗಿದ್ದ. ತಲೆಯ ಹತ್ತಿರ ಮುದ್ದೆಯ ತಟ್ಟೆ ಹಾಗೇ ಇತ್ತು, ಮೇಲೆ ನೊಣ. ಕೆಂಪಮ್ಮ ಬಾಗಿಲ ಹೊರಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ಮತ್ತೆ ಯಾಕೆ ಬಂದೆ?" ಬೆಟ್ಟಯ್ಯ ತಿರುಗದೆ ಕೇಳಿದ.

"ಪಟ್ಟಿ ಕಟ್ಟೋಕೆ."

"ಕಾಲೇ ಇಲ್ಲ."

"ಕಡಿದ ಜಾಗಕ್ಕೂ ಪಟ್ಟಿ ಬೇಕು, ಬೆಟ್ಟಣ್ಣ."

ರಾಯಪ್ಪ ಗುರುಗಳು ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿದ. ಅದು ಸಡಿಲವಾಗಿ, ಸೊಟ್ಟಗೆ ಇತ್ತು. ನಿಧಾನಕ್ಕೆ ತೊಳೆದ. ಹೊಸದನ್ನು ಸುತ್ತಿದ.

"ನಿನಗೆ ಹೇಳಬಾರದು ಅಂತಿದ್ದೆ," ಬೆಟ್ಟಯ್ಯ ಅಂದ. "ಹೊಳೆಯ ನಡುವೆ ತೆಪ್ಪ ನಿಲ್ಲಿಸಿ ಕೈ ಮುಗೀತಿದ್ದೆ. ಕೆಂಪಿ ದಡದಿಂದ ನೋಡಿದ್ದಾಳೆ. ನನಗೋಸ್ಕರಾನಾ?"

"ಹೌದು."

"ಏನು ಕೊಟ್ಟ ನಿನ್ನ ದೇವರು?"

ರಾಯಪ್ಪನಿಗೆ ಹೇಳಲು ಎಷ್ಟೋ ಮಾತು ಗೊತ್ತಿದ್ದವು. ಪ್ರಾರ್ಥನಾಮಂದಿರದಲ್ಲಿ ಕೇಳಿದ್ದವು, ತಾನೇ ಬೇರೆಯವರಿಗೆ ಹೇಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ," ಅಂದ. "ಕಾಲು ಹೋಯಿತು ಅಂತ ನಾನೂ ಅವನ ಮೇಲೆ ಮುನಿಸಿಕೊಂಡಿದ್ದೆ. ಗಂಟು ಕಟ್ಟಿದ್ದೆ, ಊರಿಗೆ ಹೋಗೋಕೆ."

ಬೆಟ್ಟಯ್ಯ ಈಗ ತಿರುಗಿದ. "ಮತ್ತೆ?"

"ನಾಳೆ ಬರ್ತೀನಿ."

ಬೆಟ್ಟಯ್ಯ ಮೊಣಕೈ ಊರಿ ಎದ್ದು ಕೂತ. ಆಮೇಲೆ ಬಾಗಿಲ ಕಡೆ ಕೂಗಿದ. "ಕೆಂಪಿ, ಈ ಮುದ್ದೆ ತಣ್ಣಗಾಗಿದೆ. ಇದನ್ನ ಯಾರು ತಿಂತಾರೆ?"

ಕೆಂಪಮ್ಮ ಒಳಗೆ ಓಡಿ ಒಲೆ ಹಚ್ಚಿದಳು.

ಮಳೆಗಾಲ ಬಂತು. ಹೊಳೆ ಕೆಂಪಾಗಿ ಹರಿದಾಗಲೂ ರಾಯಪ್ಪ ಹೋದ. ತೆಪ್ಪ ಹಾಕಲಾಗದ ದಿನ ಸೇತುವೆಯ ಮೇಲೆ ಹನ್ನೊಂದು ಮೈಲಿ ಸುತ್ತಿ ಹೋದ. ಕೆಲವು ದಿನ ಪ್ರಾರ್ಥನೆ ಬಾಯಿಗೆ ಬರುತ್ತಿತ್ತು. ಕೆಲವು ದಿನ ಬರುತ್ತಿರಲಿಲ್ಲ. ಬಾರದ ದಿನ ಹಾಗೇ ನಡೆದ.

ಬೆಟ್ಟಯ್ಯ ಬೈಯುವುದನ್ನು ಬಿಡಲಿಲ್ಲ. ಆದರೆ ರಾಯಪ್ಪ ಬರುವಷ್ಟರಲ್ಲಿ ಹಳೆ ಪಟ್ಟಿಯನ್ನು ತಾನೇ ಬಿಚ್ಚಿಟ್ಟಿರುತ್ತಿದ್ದ. ದೇವರ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಮಳೆ ನಿಲ್ಲುವ ಹೊತ್ತಿಗೆ ಕಡಿದ ಜಾಗ ಒಣಗಿತು. ಒಂದು ಬೆಳಿಗ್ಗೆ ರಾಯಪ್ಪ ಹೋದಾಗ ಬೆಟ್ಟಯ್ಯ ಅಂಗಳದಲ್ಲಿ ಗೋಣಿ ಹಾಸಿ ಕೂತಿದ್ದ. ಮುಂದೆ ಒಂದು ಒರಳುಕಲ್ಲು, ಕೈಯಲ್ಲಿ ಉಳಿ, ಸುತ್ತಿಗೆ.

"ಕಲ್ಲು ಕಡಿಯೋಕೆ ಕಾಲು ಬೇಡ," ಅಂದ. "ನಾಳೆಯಿಂದ ನೀನು ಬರೋದೂ ಬೇಡ. ಬೇಕಾದರೆ ಸುಮ್ಮನೆ ಬಾ. ಕಾಫಿ ಕುಡಿದು ಹೋಗು."

ಅಂದು ರಾಯಪ್ಪನ ತೆಪ್ಪ ಬೇಗ ದಡ ಮುಟ್ಟಿತು. ಗುರು ಅಂಗಳದಲ್ಲಿ ಹುರುಳಿ ಆರಿಸುತ್ತಿದ್ದರು. ಅವನು ಎಲ್ಲವನ್ನೂ ಹೇಳಿದ. ಕೊನೆಗೆ ಅಂದ:

"ಗುರುಗಳೇ, ಇನ್ನು ನನ್ನ ನಂಬಿಕೆ ಅಲುಗಾಡುವುದಿಲ್ಲ."

"ಯಾಕೆ?"

"ಬೆಟ್ಟಣ್ಣ ಬದುಕಿದ. ಕಣ್ಣಾರೆ ಕಂಡೆ."

ಗುರುಗಳ ಕೈ ಮೊರದ ಮೇಲೆ ನಿಂತಿತು.

"ಅವನು ಸತ್ತಿದ್ದರೆ?"

ರಾಯಪ್ಪನ ಮುಖದಲ್ಲಿದ್ದ ನಗು ಹೋಯಿತು. ಅವನು ನೆಲದ ಮೇಲೆ ಕೂತ. ಹುರುಳಿಯ ಕಲ್ಲು ಆರಿಸಿ ಆರಿಸಿ ಪಕ್ಕಕ್ಕೆ ಹಾಕಿದ.

"ಹೋಗುತ್ತಿದ್ದೆ," ಕೊನೆಗೆ ಅಂದ. "ಅವನ ಉಸಿರಿರುವ ತನಕ ದಿನಾ ಹೋಗುತ್ತಿದ್ದೆ. ಅಳುತ್ತಾ ಹೋಗುತ್ತಿದ್ದೆನೋ ಏನೋ. ಆದರೂ ಹೋಗುತ್ತಿದ್ದೆ."

"ನಿಜವೇ?"

"ನಿಜ."

ಗುರು ಎದ್ದರು. ಒಳಗೆ ಹೋಗಿ ಚೀಲಕ್ಕೆ ಹೊಸ ಹತ್ತಿ, ಔಷಧಿ ತುಂಬಿ ತಂದು ಅವನ ಕೈಗೆ ಕೊಟ್ಟರು.

"ಮೇಲಿನ ಹಳ್ಳಿಯಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿ ಇದ್ದಾಳೆ, ನೋಡಿಕೊಳ್ಳುವವರು ಯಾರೂ ಇಲ್ಲ," ಅಂದರು. "ಆಕೆ ಉಳಿಯುವುದಿಲ್ಲ. ಹೊರಡು."