ಬಾವಿಗೆ ಬಿದ್ದ ಬಿಂದಿಗೆ

ನಾನು ತಲೆ ಬಾಚುವುದನ್ನೂ ಬಿಟ್ಟು ಮಲಗಿದ್ದ ದಿನಗಳಲ್ಲಿ ಈ ಕಥೆ ಹೇಳಿದವಳು ನನ್ನ ಓರಗಿತ್ತಿ ಸರ್ವಮಂಗಳಾ.

ಒಂದು ಬಿಂದಿಗೆ ಹಗ್ಗ ಕಳಚಿ ಬಾವಿಯ ತಳ ಸೇರಿತು. ರಾಟೆ ಮೇಲಿನಿಂದಲೇ, "ಏಳಮ್ಮಾ, ಹಿತ್ತಾಳೆ ಮೈ, ಒಳ್ಳೆಯ ಮನೆ, ನಿನಗೇನು ಕಡಿಮೆಯಾಗಿದೆ?" ಎಂದಿತು.

"ಒಳಗೆಲ್ಲ ನೀರು ತುಂಬಿದೆ ಅಕ್ಕಾ, ಏಳಲಾರೆ."

"ಸೋಮಾರಿ," ಎಂದು ರಾಟೆ ಗೊಣಗಿತು.

ಮನೆಯಾಕೆ ಬೀದಿಯ ಕೊನೆಯ ಮನೆಯಿಂದ ಪಾತಾಳಗರಡಿಯನ್ನು ಎರವಲು ತಂದು ಇಳಿಬಿಟ್ಟಳು. ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ಕತ್ತಲಲ್ಲಿ ತಡಕುತ್ತ ಬಂದು, "ಕಂಠ ಎಲ್ಲಿದೆ ತಾಯಿ?" ಎಂದು ಕೇಳಿತು.

"ಹೋಗಿಬಿಡು. ನೀನು ಬಂದದ್ದು ಬೀದಿಗೆಲ್ಲ ಗೊತ್ತಾಗುತ್ತೆ. ನಾನು ಕೆಸರಲ್ಲೇ ಇರ್ತೀನಿ."

ಗರಡಿ ನಕ್ಕಿತು. "ನನ್ನನ್ನು ಎರವಲು ತಾರದ ಮನೆ ಈ ಬೀದಿಯಲ್ಲಿ ಒಂದೂ ಇಲ್ಲ. ಹೋದ ವರ್ಷ ನಿಮ್ಮ ರಾಟೆಯೇ ಕಳಚಿ ಬಿದ್ದಾಗ ಎತ್ತಿದ್ದು ನಾನೇ. ನೀನು ನನ್ನನ್ನು ಹಿಡಿಯಬೇಕಿಲ್ಲ, ಕಂಠವನ್ನು ಇತ್ತ ಸ್ವಲ್ಪ ವಾಲಿಸು, ಸಾಕು."

ಬಿಂದಿಗೆ ವಾಲಿತು. ನೀರು ಚೆಲ್ಲುತ್ತ, ಗೋಡೆಗೆ ಬಡಿಯುತ್ತ ನಿಧಾನವಾಗಿ ಮೇಲೆ ಬಂತು. ರಾಟೆಯೂ ಹಗ್ಗದ ಜೊತೆ ತಿರುಗಿತು.

ಕಥೆ ಮುಗಿಸಿದ ಸರ್ವಮಂಗಳಾ, ಡಾಕ್ಟರ ಹತ್ತಿರ ಹೋಗೋಣವೆಂದು ನನ್ನ ಚಪ್ಪಲಿ ತಂದಿಟ್ಟಳು. ಹಾಗೆ ಮಲಗಿದವರು ನಿಮಗೂ ಗೊತ್ತಿದ್ದರೆ ಈ ಕಥೆ ಹೇಳಿ. ಚಪ್ಪಲಿ ತಂದಿಡುವುದನ್ನು ಮಾತ್ರ ಮರೆಯಬೇಡಿ.