ಸಾಕವ್ವನ ಹೆಜ್ಜೆ ಬಿಲ್ಲೆಗಳು

ಒಂದು ಕಾಡಿನಲ್ಲಿ, ಹೊಳೆಯ ಪಕ್ಕದಲ್ಲೇ, ಮುಳ್ಳುಹಂದಿ ಸಾಕವ್ವ ಮದ್ದಿನ ಬೇರುಗಳ ಅಂಗಡಿ ಇಟ್ಟಿದ್ದಳು. ಬೇರು ಅಗೆಯುವುದರಲ್ಲಿ ಅವಳು ಗಟ್ಟಿಗಿತ್ತಿ. ಪಾಪ, ನೆನಪು ಮಾತ್ರ ಅಷ್ಟಕ್ಕಷ್ಟೇ. ಯಾರಿಗೆ ಯಾವ ಬೇರು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದೆಲ್ಲ ಅವಳ ಜೊತೆಗಾರ ನರಿ ನಂಜಪ್ಪನ ತಲೆಯಲ್ಲಿತ್ತು. ತೇದು ಕೊಟ್ಟ ಮದ್ದು ಯಾವ ಬೇರಿನದೆಂದು ಕುಡಿದವರಿಗೂ ತಿಳಿಯುತ್ತಿರಲಿಲ್ಲ.

"ನನಗೂ ಒಂದಿಷ್ಟು ಹೇಳಿಕೊಡು ನಂಜಪ್ಪ" ಎಂದು ಸಾಕವ್ವ ಕೇಳಿದಾಗಲೆಲ್ಲ ಅವನು ಮೀಸೆ ತಿರುವುತ್ತಿದ್ದ.

"ಎಲ್ಲ ಹೇಳಿಬಿಟ್ಟರೆ ಆಮೇಲೆ ನನ್ನನ್ನು ಕೇಳುವವರು ಯಾರು ಸಾಕವ್ವ?"

ಒಂದು ದಿನ ನಂಜಪ್ಪ ಬೀಗರ ಮನೆಗೆ ಊಟಕ್ಕೆ ಹೋದ. ಆಗಲೇ ಜಿಂಕೆ ಗೌರವ್ವ ಜ್ವರ ಬಂದ ಮರಿಯನ್ನು ಕರೆತಂದಳು. ಸಾಕವ್ವ ತನಗೆ ತೋಚಿದ ಬೇರು ತೇದು ಕುಡಿಸಿದಳು. ಅಯ್ಯೋ, ಅದು ಆ ಮರಿಗೆ ಒಗ್ಗದ ಬೇರು! ಗಂಟಲು ಊದಿ, ಉಸಿರು ಕಟ್ಟಿ, ಮರಿ ಸಂಜೆಯ ತನಕ ಒದ್ದಾಡಿ ಹೇಗೋ ಬದುಕಿಕೊಂಡಿತು.

"ನಿನ್ನನ್ನೇ ನಂಬಿ ಬಂದಿದ್ದೆನಲ್ಲ ಅಕ್ಕಾ" ಎಂದು ಗೌರವ್ವ ಅತ್ತಳು.

ಮರುದಿನ ಬಂದ ನಂಜಪ್ಪ, "ಆ ಬೇರು ಅದಕ್ಕೆ ಒಗ್ಗದೆಂದು ನನಗೆ ಗೊತ್ತಿತ್ತು ಬಿಡು" ಎಂದ. ಗೊತ್ತಿದ್ದು ಏನು ಬಂತು, ಹೇಳಿ!

ನೀರಿಗೆಂದು ಹೋದ ಸಾಕವ್ವ ದಡದ ಕೆಸರಿನಲ್ಲಿದ್ದ ಹೆಜ್ಜೆಗಳನ್ನೇ ನೋಡುತ್ತ ಕೂತಳು. ಒಬ್ಬರ ಹೆಜ್ಜೆಯಂತೆ ಇನ್ನೊಬ್ಬರದಿಲ್ಲ. ಥಟ್ಟನೆ ದಾರಿ ಹೊಳೆಯಿತು. ಜೇಡಿಮಣ್ಣಿನ ಬಿಲ್ಲೆ ತಟ್ಟಿ, ಅಂಗಡಿಗೆ ಬಂದವರಿಂದ ಹೆಜ್ಜೆ ಒತ್ತಿಸಿದಳು. ಮದ್ದು ಕೊಟ್ಟಾಗಲೆಲ್ಲ ಬಿಲ್ಲೆಗೆ ನೀರು ಸವರಿ, ಹೆಜ್ಜೆಯ ಕೆಳಗೆ ಆ ಬೇರಿನ ಗಿಡದ ಎಲೆಯ ಅಚ್ಚು ಒತ್ತಿದಳು. ಒಗ್ಗದಿದ್ದರೆ ಅದರ ಮೇಲೊಂದು ಅಡ್ಡಗೆರೆ. ಗೊರಸಿನವರದು ಒಂದು ಸಾಲು, ಪಂಜದವರದು ಇನ್ನೊಂದು. ಈಗ ಅಂಗಡಿಯಲ್ಲಿ ಯಾರೇ ಕೂತಿರಲಿ, ಬಿಲ್ಲೆ ನೋಡಿ ಮದ್ದು ಕೊಡಬಹುದಿತ್ತು.

ನಂಜಪ್ಪನಿಗೆ ಹೊಟ್ಟೆ ಉರಿಯಿತು. ಸಾಕವ್ವ ಬೇರು ಅಗೆಯಲು ಹೋದಾಗ ಬಿಲ್ಲೆಗಳನ್ನೆಲ್ಲ ಕಲಸುಮೇಲೋಗರ ಮಾಡಿಟ್ಟ. ಬಂದವರು ಕಾಲಿಟ್ಟು ನೋಡಿ, ತಮ್ಮ ತಮ್ಮ ಬಿಲ್ಲೆ ಹೆಕ್ಕಿ ಕೊಟ್ಟರು. ಮಧ್ಯಾಹ್ನದೊಳಗೆ ಎಲ್ಲ ಮೊದಲಿನಂತಾಯಿತು.

"ನೀನೂ ಒಂದು ಹೆಜ್ಜೆ ಒತ್ತಪ್ಪ" ಎಂದಳು ಸಾಕವ್ವ.

"ನನ್ನದು ನನ್ನ ತಲೆಯಲ್ಲಿದೆ!"

ಕೆಲವು ದಿನ ಕಳೆದವು. ನಂಜಪ್ಪ ಜೇನು ಕದಿಯಲು ಹೋಗಿ ಚೆನ್ನಾಗಿ ಕಚ್ಚಿಸಿಕೊಂಡ. ಕಣ್ಣು ಮುಚ್ಚಿಹೋಯಿತು. ನಾಲಿಗೆ ಬದನೆಕಾಯಿಯಾಯಿತು. ಬಿದ್ದು ಎದ್ದು ಅಂಗಡಿಗೆ ಬಂದ.

"ಊತ ಇಳಿಸುವ ಈ ಎರಡು ಬೇರಿನಲ್ಲಿ ನಿನಗೆ ಒಗ್ಗದ್ದು ಯಾವುದಪ್ಪ?" ಎಂದು ಸಾಕವ್ವ ಕೇಳಿದಳು.

"ಬ್ಬೆ... ಬ್ಬೆ..." ಎಂದ ನಂಜಪ್ಪ. ಯಾವ ಬೇರಿನ ಹೆಸರು ಹೇಳಿದರೂ ವಿಷದ ಮಂಪರಿನಲ್ಲಿ ಒಂದೇ ಸಮ ತಲೆ ಆಡಿಸಿದ. ಎಲ್ಲ ಅವನ ತಲೆಯಲ್ಲೇ ಇತ್ತು. ಹೊರಗೆ ಬರುವುದು ಹೇಗೆ?

ಸಾಕವ್ವನಿಗೆ ಜಿಂಕೆಮರಿಯ ಉಸಿರು ನೆನಪಾಯಿತು. ಎರಡು ಬೇರನ್ನೂ ಕೆಳಗಿಟ್ಟಳು.

"ತಿಳಿಯದೆ ಕೊಡಲಾರೆ ನಂಜಪ್ಪ" ಎಂದು ತಣ್ಣನೆಯ ಕೆಸರು ಹಚ್ಚಿ ಪಕ್ಕದಲ್ಲೇ ಕೂತಳು. ಅವನು ಮೂರು ದಿನ ನರಳಿದ.

ನಾಲ್ಕನೆಯ ದಿನ ಊತ ಇಳಿಯಿತು. ನಂಜಪ್ಪ ಮೊದಲು ಆಡಿದ ಮಾತು ಒಂದೇ.

"ಸಾಕವ್ವ, ಒಂದು ಹಸಿ ಬಿಲ್ಲೆ ತಟ್ಟು."

ನೀತಿ: ವ್ಯಾಪಾರದ ವಿಷಯ ಒಬ್ಬರ ತಲೆಯೊಳಗೆ ಬಚ್ಚಿಟ್ಟರೆ ಬೇಕಾದಾಗ ಯಾರಿಗೂ ಸಿಗುವುದಿಲ್ಲ, ಒಂದೇ ಕಡೆ ಒಪ್ಪವಾಗಿ ದಾಖಲಿಸಿಟ್ಟರೆ ಎಲ್ಲರನ್ನೂ ಕಾಯುತ್ತದೆ.